ಹಾಸನದ ಅಕ್ಕ, ಅಹಮದಾಬಾದಿನ ಬೆನ್

ಹಾಸನಾಂಬೆ ಬಾಗಿಲು ತೆಗೆದಾಗ ಊರಿಗೆ ಹೋಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಅಮ್ಮ ತಾವೇ ಪಾತ್ರೆ ತಿಕ್ಕುತ್ತಿದ್ದಾರೆ. ಮನೆ ಕೆಲಸಕ್ಕೆ ಬರುವವರನ್ನು ನಾವು ಅಕ್ಕ ಅಂತಲೇ ಕರೆಯುವುದು, ಸ್ಲಮ್ಮಿನವರು. "ಅಕ್ಕ ಬರಲಿಲ್ವಾ?" ಅಂದೆ. "ಮೊಮ್ಮಗೂಗೆ ವಾಂತಿಭೇದಿಯಂತೆ ಕಣೋ. ಅವರ ಮನೇಲಿ ಯಾವಾಗ್ಲೂ ಯಾರಿಗಾದ್ರೂ ಒಂದಲ್ಲ ಒಂದು ಇದ್ದಿದ್ದೇ" ಅಂದರು. ಮಳೆ ಬಂತು ಅನ್ನುವ ಹಾಗೆ ಹೇಳಿದರು. ಅದೇ ನನಗೆ ಚುಚ್ಚಿದ್ದು.

ಯಾಕಂದ್ರೆ ಅಹಮದಾಬಾದಿನಲ್ಲಿ ನಮ್ಮ ಮನೆ ಕೆಲಸಕ್ಕೆ ಬರುವ ಬೆನ್ (ಗುಜರಾತಿಯಲ್ಲಿ ಅಕ್ಕ ಅಂದ ಹಾಗೆ) ಕೂಡ ಸ್ಲಮ್ಮಿನವರೇ. ಅವರು ರಜೆ ಹಾಕುವುದು ನೆಂಟರ ಮದುವೆಗೆ, ನವರಾತ್ರಿಗೆ, ಉತ್ತರಾಯಣದ ಗಾಳಿಪಟಕ್ಕೆ. ಮನೆಯಲ್ಲಿ ಹೊಟ್ಟೆ ಕೆಟ್ಟಿದೆ ಅಂತ ರಜೆ ಕೇಳಿದ್ದು ನನಗಂತೂ ನೆನಪಿಲ್ಲ.

ಅವರ ಓಣಿ ಪರಿವರ್ತನ್ ಯೋಜನೆಯಲ್ಲಿ ಸುಧಾರಿಸಿದ್ದು. ಅಲ್ಲಿನ ಪಾಲಿಕೆ 1995ರಲ್ಲಿ ಶುರು ಮಾಡಿದ ಯೋಜನೆ ಅದು. ಯಾರಿಗೂ ಹೊಸ ಮನೆ ಕಟ್ಟಿಕೊಡಲಿಲ್ಲ. ಇದ್ದ ಮನೆಗಳಿಗೇ ನಲ್ಲಿ, ಕಕ್ಕಸು, ಒಳಚರಂಡಿ, ಮಳೆನೀರು ಹೋಗಲು ದಾರಿ ಕೊಟ್ಟರು. ಓಣಿಗೆ ಕಲ್ಲುಹಾಸು, ದೀಪ. ಪ್ರತಿ ಮನೆಯಿಂದ 2000 ರೂಪಾಯಿ ತಗೊಂಡರು. ‘ಸೇವಾ’ (SEWA) ಅನ್ನುವ, ದುಡಿಯುವ ಹೆಂಗಸರ ಸಂಘದವರು ಮನೆಮನೆಗೆ ಹೋಗಿ ಒಪ್ಪಿಸಿದರು. ಬೆನ್ ಅತ್ತೆ ಇವತ್ತಿಗೂ ಆ ದುಡ್ಡಿನ ಮಾತು ಬಿಟ್ಟಿಲ್ಲ. ಪೈಪು ಹಾಕುವಾಗ ದಿನಾ ಹೋಗಿ ನಿಂತು ನೋಡುತ್ತಿದ್ದರಂತೆ. ಕೈಯಿಂದ ಕೊಟ್ಟ ದುಡ್ಡಲ್ವಾ!

ನಮ್ಮ ಅಕ್ಕನ ಕಾಲೋನಿಯಲ್ಲಿ ಮೊದಲು ಬಂದಿದ್ದು ಕಾಂಕ್ರೀಟ್ ರಸ್ತೆ. ಆಮೇಲೆ ಅದರ ಮೇಲೆ ಇನ್ನೊಂದು. ಈಗ ರಸ್ತೆ ಮೇಲೆ, ಮನೆ ಹೊಸಿಲು ಕೆಳಗೆ. ಜೋರು ಮಳೆ ಬಂದರೆ ಚರಂಡಿ ನೀರು ಅಡುಗೆಮನೆಗೇ ಬರುತ್ತೆ. ನೀರು ಬಿಡುವುದು ದಿನ ಬಿಟ್ಟು ದಿನ, ಅದೂ ಸಣ್ಣಗೆ. ಹಾಗಾಗಿ ಎಲ್ಲರೂ ಮನೆ ಮುಂದೆ ಗುಂಡಿ ತೋಡಿ ನಲ್ಲಿಯನ್ನು ಕೆಳಗಿಳಿಸಿದ್ದಾರೆ. ಕೊಡ ಇಡುವುದು ಆ ಗುಂಡಿಯೊಳಗೆ. ಪಕ್ಕದಲ್ಲೇ ಚರಂಡಿ. ನೀರು ನಿಂತಾಗ ಪೈಪು ಖಾಲಿ ಆಗುತ್ತೆ, ಆಗ ಒಡಕಿರುವ ಕಡೆಯೆಲ್ಲ ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬರುವುದು ಅದೇ. ಮಗುವಿಗೆ ಎಷ್ಟು ಓಆರ್‌ಎಸ್ ಕುಡಿಸಿದರೇನು, ನಾಡಿದ್ದು ಮತ್ತೆ ಅದೇ ನೀರು ತಾನೇ?

ರಸ್ತೆಯಾದರೆ ಕಾಣುತ್ತೆ, ಟೇಪು ಕತ್ತರಿಸಬಹುದು, ಬೋರ್ಡಿನಲ್ಲಿ ಹೆಸರು ಬರೆಸಬಹುದು. ಮಣ್ಣಿನೊಳಗಿನ ಪೈಪಿಗೆ ಯಾರು ಹಾರ ಹಾಕುತ್ತಾರೆ? ಊರಿನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಗೊರೂರಿನಲ್ಲಿ ಅಣೆಕಟ್ಟೆ ಇಟ್ಟುಕೊಂಡು ಗುಂಡಿಗಿಳಿದು ನೀರು ಹಿಡಿಯುವುದು ಅಂದ್ರೆ!

ಬೆನ್ ಹೇಳಿದ್ದನ್ನೇ ನಂಬಬೇಡಿ ಅನ್ನುವವರಿಗೆ ಒಂದು ಮಾತು. ಸೇವಾದ ಆರೋಗ್ಯ ವಿಮೆಯಲ್ಲಿ ದುಡ್ಡು ಕೇಳಿದವರ ಲೆಕ್ಕ ತೆಗೆದು 2010ರಲ್ಲಿ ಒಂದು ಅಧ್ಯಯನ ಬಂತು. ಹಾಗೆ ಕೇಳಿದವರು ನೀರಿನಿಂದ ಬರುವ ಕಾಯಿಲೆಗೆ ಕೇಳಿರುವ ಸಾಧ್ಯತೆ, ಓಣಿ ಸುಧಾರಿಸಿದ ಮೇಲೆ ಶೇಕಡಾ 32ರಿಂದ 14ಕ್ಕೆ ಇಳಿದಿತ್ತು. ಹೊಸ ಆಸ್ಪತ್ರೆ ಕಟ್ಟಿ ಅಲ್ಲ, ಪೈಪು ಹಾಕಿ.

ಇಷ್ಟು ಹೇಳಿದ ಮೇಲೆ ಅಹಮದಾಬಾದನ್ನು ಹೊಗಳಿ ಮುಗಿಸೋಣ ಅಂದರೆ ಅದೂ ಆಗಲ್ಲ. ಪರಿವರ್ತನ್ ಎಲ್ಲ ಸ್ಲಮ್ಮಿಗೂ ಮುಟ್ಟಲಿಲ್ಲ. ಸಾಬರಮತಿ ದಂಡೆಯನ್ನು ಚಂದ ಮಾಡುವಾಗ ಅಲ್ಲಿದ್ದ ಸಾವಿರಾರು ಮನೆಗಳನ್ನು ಎಬ್ಬಿಸಿ ದೂರ ಹಾಕಿದರು. ಬೆನ್ ಓಣಿಯವರಿಗೂ ಸಿಕ್ಕಿದ್ದು ಹತ್ತು ವರ್ಷ ಎಬ್ಬಿಸಲ್ಲ ಅನ್ನುವ ಭರವಸೆ ಮಾತ್ರ, ಜಾಗದ ಹಕ್ಕಲ್ಲ. ನಮ್ಮ ಅಕ್ಕನ ಹತ್ತಿರ ಹಕ್ಕುಪತ್ರ ಇದೆ. ಸ್ಲಂ ಬೋರ್ಡಿನಿಂದ ಬಂದಿದ್ದು, ಪ್ಲಾಸ್ಟಿಕ್ ಹಾಕಿಸಿ ದೇವರ ಫೋಟೋ ಹಿಂದೆ ಇಟ್ಟಿದ್ದಾರೆ. ಈ ವಿಷಯ ಹೇಳಿದಾಗ ಬೆನ್ ನಂಬಲೇ ಇಲ್ಲ. "ಜಾಗವೇ ಅವರದಾ?" ಅಂತ ತಿರುಗಿ ತಿರುಗಿ ಕೇಳಿದರು. ಒಪ್ಪಲೇಬೇಕು, ಈ ವಿಷಯದಲ್ಲಿ ನಮ್ಮವರು ಮುಂದೆ.

ಈಗ ಮೂರನೇ ಸಲ ರಸ್ತೆ ಮಾಡುತ್ತಾರಂತೆ. ಕಾಂಕ್ರೀಟ್ ಸುರಿಯುವ ಮೊದಲು ಪೈಪು ಬದಲಾಯಿಸಿ ಅಂತ ಅರ್ಜಿ ಬರೆದುಕೊಟ್ಟಿದ್ದೇನೆ. ಅಕ್ಕ ಓಣಿಯವರ ಸಹಿ ಹಾಕಿಸುತ್ತಿದ್ದಾರೆ.