ಕಾಫಿ ಹೌಸಿನ ಎ.ಕೆ.ಜಿ.

ಬೆಂಗಳೂರಿನ ಎಂ.ಜಿ. ರೋಡಿನ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದಾಗ ಎಷ್ಟು ಜನ ಮರುಗಿ ಬರೆದರು! ಬಿಳಿ ಸಮವಸ್ತ್ರ, ಗರಿಗರಿ ಪೇಟ, ಸೊಂಟಕ್ಕೆ ಅಗಲ ಪಟ್ಟಿಯ ವೇಟರ್‌ಗಳ ಬಗ್ಗೆಯೂ ಬರೆದರು. ಆದರೆ ಅದು ಕಾರ್ಮಿಕರ ಸ್ವಂತ ಸಹಕಾರ ಸಂಘದ ಹೋಟೆಲು, ಅದರ ಹಿಂದೆ ಕಣ್ಣೂರು ಕಡೆಯ ಒಬ್ಬ ಮೇಷ್ಟ್ರು ಇದ್ದರು ಅನ್ನೋ ಮಾತು ಅಷ್ಟಾಗಿ ಬರಲಿಲ್ಲ.

ಆ ಮೇಷ್ಟ್ರು ಎ.ಕೆ. ಗೋಪಾಲನ್, ಅಂದರೆ ಎ.ಕೆ.ಜಿ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು. ಗುರುವಾಯೂರು ದೇವಸ್ಥಾನ ಪ್ರವೇಶದ ಹೋರಾಟದಲ್ಲಿ ಏಟು. 1936ರಲ್ಲಿ ಕಣ್ಣೂರಿನಿಂದ ಮದರಾಸಿನವರೆಗೆ ಕಾಲ್ನಡಿಗೆಯಲ್ಲಿ ಹಸಿವಿನ ಜಾಥಾ. ಕಾಂಗ್ರೆಸ್‌ನಿಂದ ಕಮ್ಯುನಿಸ್ಟ್ ಪಕ್ಷಕ್ಕೆ ಬಂದರು. 1941ರಲ್ಲಿ ವೆಲ್ಲೂರು ಜೈಲಿನಿಂದಲೇ ತಪ್ಪಿಸಿಕೊಂಡರು.

1947ರ ಆಗಸ್ಟ್ 15ರಂದು ಈ ಮನುಷ್ಯ ಎಲ್ಲಿದ್ದರು ಗೊತ್ತಾ? ಕಣ್ಣೂರು ಜೈಲಿನಲ್ಲಿ. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಗ್ಗೆ ತಮ್ಮ ಹತ್ತಿರವಿದ್ದ ತ್ರಿವರ್ಣ ಧ್ವಜ ಹಿಡಿದು ಜೈಲಿನ ಅಂಗಳದಲ್ಲಿ ನಡೆದರು. ಕೈದಿಗಳೆಲ್ಲ ಸೇರಿದ ಕಡೆ ಧ್ವಜ ಹಾರಿಸಿ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. ಕಮ್ಯುನಿಸ್ಟರಿಗೆ ದೇಶಪ್ರೇಮ ಇಲ್ಲ ಅಂತ ಸುಮ್ನೆ ಹೇಳುವವರು ಈ ಚಿತ್ರವನ್ನು ಎಲ್ಲಿ ಇಡುತ್ತಾರೋ!

ವಕೀಲರಿಗೆ ಅವರ ಹೆಸರು ಬೇರೆ ಕಾರಣಕ್ಕೆ ಗೊತ್ತು. 1950ರಲ್ಲಿ, ಸಂವಿಧಾನ ಜಾರಿಯಾಗಿ ನಾಲ್ಕು ತಿಂಗಳಾಗುವುದರೊಳಗೆ, ತಮ್ಮನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದ್ದನ್ನು ಪ್ರಶ್ನಿಸಿ ಅವರು ಹಾಕಿದ್ದ ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಿಚಾರಣೆಯಿಲ್ಲದೆ ಕೂಡಿಹಾಕುವ ಕಾನೂನು ಉಳಿಯಿತು, ಒಂದು ಕಲಮು ಮಾತ್ರ ಬಿತ್ತು. ನ್ಯಾಯಮೂರ್ತಿ ಫಜಲ್ ಅಲಿ ಒಪ್ಪದೆ, ಸ್ವಾತಂತ್ರ್ಯ ಕಸಿಯುವ ಕಾನೂನಿನ ವಿಧಾನವೂ ನ್ಯಾಯವಾಗಿರಬೇಕು ಅಂತ ಬೇರೆ ತೀರ್ಪು ಬರೆದರು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟೇ ಆ ದಾರಿಗೆ ಬಂತು. ಅಷ್ಟೊತ್ತಿಗೆ ಎ.ಕೆ.ಜಿ. ತೀರಿಕೊಂಡು ವರ್ಷ ಆಗುತ್ತಾ ಬಂದಿತ್ತು.

ನನ್ನ ಕೇಳಿದರೆ ಅವರ ದೊಡ್ಡ ಕೆಲಸ ಕಾಫಿ ಹೌಸೇ. ಐವತ್ತರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಿತು. ಕೆಲಸಗಾರರು ಬೀದಿಗೆ ಬೀಳುವ ಹೊತ್ತು. ಧರಣಿ, ಮನವಿ, ಒಂದಿಷ್ಟು ಪರಿಹಾರ ಅಂತ ಮುಗಿಸಬಹುದಿತ್ತು, ಅಲ್ವಾ? ಎ.ಕೆ.ಜಿ. ಆ ಕೆಲಸಗಾರರ ಬೆನ್ನಿಗೆ ನಿಂತು, ಹೋಟೆಲುಗಳನ್ನು ನೀವೇ ನಡೆಸಿ ಅಂತ ಹುರಿದುಂಬಿಸಿದರು. ಮೊದಲ ಸಂಘ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟ್‌ನಲ್ಲಿ. ಅದೇ ವರ್ಷ ದೆಹಲಿ, ಮರುವರ್ಷ ತ್ರಿಶ್ಶೂರು. ಟ್ರೇ ಹೊರುವವರಿಗೆ ಗಲ್ಲಾಪೆಟ್ಟಿಗೆಯ ಲೆಕ್ಕ ಕೇಳುವ ಹಕ್ಕು ಬಂತು. ಸರ್ವಿಸ್ ನಿಧಾನ ಅಂತ ಗೊಣಗುವವರು ಇದ್ದಾರೆ. ಇರಲಿ, ಬಿಡಿ. ಎದ್ದು ಹೋಗಿ ಅಂತ ಯಾರೂ ಅನ್ನುವುದಿಲ್ಲವಲ್ಲ.

ಅದೇ 1957ರಲ್ಲಿ ಅವರು ಕಾಸರಗೋಡಿನಿಂದ ಲೋಕಸಭೆಗೆ ಗೆದ್ದರು. 1962, 1967ರಲ್ಲೂ ಗೆದ್ದರು. ಅಲ್ಲಿನ ಕನ್ನಡಿಗರಿಗೂ ಅವರೇ ಸಂಸದರು. ಆ ಚುನಾವಣೆಗಳನ್ನು ಕಂಡ ಗಡಿನಾಡಿನ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರನ್ನು ಕೇಳಿ ಕಾಮೆಂಟಿನಲ್ಲಿ ಬರೆಯಿರಿ.