ಲೋಕಾಯುಕ್ತಕ್ಕೆ ಬರೆದರೆ ಪ್ಲಾನ್ ಮಂಜೂರಾಗುತ್ತದೆಯೇ?

ಬೆಂಗಳೂರಿನ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಪಾಲಿಕೆಯಲ್ಲಿ ಮನೆಯ ಪ್ಲಾನ್ ತಡವಾದರೆ ಲೋಕಾಯುಕ್ತಕ್ಕೆ ಒಂದು ಕಾಗದ ಬರೆಯಿರಿ, ಅವರೇ ಮಂಜೂರು ಮಾಡುತ್ತಾರೆ. ಪಕ್ಕದವರ ಪ್ಲಾನನ್ನೂ ರದ್ದು ಮಾಡುತ್ತಾರೆ.’ ಇದು ಸರಿಯಲ್ಲ.

ಪ್ಲಾನ್ ಮಂಜೂರು ಮಾಡುವುದು, ರದ್ದು ಮಾಡುವುದು ಲೋಕಾಯುಕ್ತದ ಕೆಲಸವಲ್ಲ. 1984ರ ಕಾಯ್ದೆಯಡಿ ಅದು ನೋಡುವುದು ಅಧಿಕಾರಿಯ ನಡತೆಯನ್ನು. ಲಂಚ ಕೇಳಿದರಾ? ಬೇಕಂತಲೇ ಫೈಲ್ ಕೂರಿಸಿದರಾ? ನಿಯಮ ಮೀರಿ ಯಾರಿಗೋ ಅನುಕೂಲ ಮಾಡಿಕೊಟ್ಟರಾ? ತಪ್ಪು ಕಂಡರೆ ಸರ್ಕಾರಕ್ಕೋ ಸಂಬಂಧಪಟ್ಟ ಮೇಲಿನವರಿಗೋ ವರದಿ, ಶಿಫಾರಸು ಹೋಗುತ್ತದೆ. ಲಂಚದ ವಿಷಯ ಬೇರೆ, ಅಲ್ಲಿ ಲೋಕಾಯುಕ್ತ ಪೊಲೀಸರೇ ಕೇಸ್ ಹಾಕಬಹುದು.

ಸುಮ್ನೆ ಕಾಗದ ಬರೆದರೂ ಸಾಲದು. ನಿಗದಿತ ನಮೂನೆಯ ದೂರಿನ ಜೊತೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಆರೋಪ ಐದು ವರ್ಷಕ್ಕಿಂತ ಹಳೆಯದಾಗಿರಬಾರದು. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಜೈಲು ಶಿಕ್ಷೆಯೂ ಇದೆ. ಸಂದೇಶ ಬರೆದವರು ಇದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದಾರೆ!

ಬರೀ ತಡವೇ ತೊಂದರೆಯಾದರೆ, ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ ‘ಸಕಾಲ’ ಕಾಯ್ದೆಯಡಿ ಮೇಲ್ಮನವಿ ಹತ್ತಿರದ ದಾರಿ. ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಉಂಟು. ದುಡ್ಡು ಜಾಸ್ತಿಯೇನಲ್ಲ, ಆದರೆ ತಡವಾಯಿತು ಅನ್ನುವುದು ದಾಖಲೆಗೆ ಸೇರುತ್ತದೆ.

ಇನ್ನೊಂದು: 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ. ದೂರಿನಲ್ಲಿ ನಿಮ್ಮ ಪಾಲಿಕೆ ಯಾವುದೆಂದು ನೋಡಿ ಬರೆಯಿರಿ.