ಎಡಗಡೆಯ ದೀಪ

ಚಿಮಟದ ತುದಿಯಿಂದ ದೀಪ ‘ಟಿಕ್’ ಎಂದು ಹಾರಿತು. ನೆಲಕ್ಕೆ ಬಿದ್ದಿದ್ದರೆ ಇನ್ನೊಂದು ‘ಟಿಕ್’ ಕೇಳಿಸಬೇಕಿತ್ತು. ಕೇಳಿಸಲಿಲ್ಲ. ಆ ಎರಡನೆಯ ಟಿಕ್ಕಿಗಾಗಿ ಉಸಿರು ಬಿಗಿಹಿಡಿದು ಕುಳಿತವರಿಗೇ ಗೊತ್ತು, ಒಂದು ಮನೆಯಲ್ಲಿ ಎಷ್ಟು ಬಗೆಯ ಸದ್ದುಗಳಿರುತ್ತವೆ ಎಂದು. ಕುಕ್ಕರು ಮೂರನೆಯ ಸಲ ಕೂಗಿತು. ಪಕ್ಕದ ಮನೆಯ ಪಂಪು ತೊಟ್ಟಿ ತುಂಬಿ ಹರಿದರೂ ಓಡುತ್ತಲೇ ಇತ್ತು. ಅಮ್ಮ ಅಟ್ಟದಿಂದ ಇಳಿಸಿದ ಟ್ರಂಕಿನ ಮುಂದೆ ಕುಳಿತು, ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಟ್ಟ ದಸರಾ ಗೊಂಬೆಗಳನ್ನು ಬಿಚ್ಚುತ್ತ, ಯಾವ ಗೊಂಬೆಯ ಮೂಗು ಯಾವ ವರ್ಷ ಮುರಿಯಿತೆಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ದೀಪ ಮಾತ್ರ ಸದ್ದಿಲ್ಲದೆ ಹೋಗಿತ್ತು.

ಅದು ನಾನು ಪ್ಲಾಸ್ಟಿಕ್ ಕಿಟ್ಟಿನ ಬಿಡಿಭಾಗಗಳನ್ನು ಅಂಟಿಸಿ ಜೋಡಿಸುತ್ತಿದ್ದ ಪುಟ್ಟ ಯುದ್ಧ ಟ್ಯಾಂಕಿನ ಮುಂಭಾಗದ ದೀಪ, ಎಡಗಡೆಯದು. ಹೆಸರುಕಾಳಿನ ಗಾತ್ರ, ಮಿಲಿಟರಿ ಹಸಿರು, ಒಳಗೆ ಬಟ್ಟಲಿನಂತೆ ಗುಳಿ. ಅದರ ಜೋಡಿಯಾದ ಬಲಗಡೆಯ ದೀಪ ಒಂದು ಗಂಟೆಯ ಮೊದಲೇ ಅಂಟಿಕೊಂಡು ಕುಳಿತು ನನ್ನನ್ನು ಒಕ್ಕಣ್ಣಿನಲ್ಲಿ ನೋಡುತ್ತಿತ್ತು.

ನಾನು ಮೇಜಿನ ಕೆಳಗೆ ಮಂಡಿಯೂರಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದಾಗಲೇ ಭಾವಮೈದ ಬರಬೇಕೇ? ಅವನ ಚಪ್ಪಲಿಯಿಲ್ಲದ ಪಾದಗಳು ನನ್ನ ಮೂಗಿನ ಮುಂದೆ ನಿಂತವು. ಮೇಲಿನಿಂದ ದನಿ ಬಂತು.

“ಭಾವ, ಐವತ್ತೆರಡು ವರ್ಷಕ್ಕೆ ಇದೆಲ್ಲ ಯಾತಕ್ಕೆ?”

“ಕಾರಣವಿದೆ. ಹೇಳುತ್ತೇನೆ. ಮೊದಲು ದೀಪ ಸಿಗಲಿ,” ಎಂದೆ. ಬಾಯಲ್ಲಿ ಟಾರ್ಚಿದ್ದುದರಿಂದ ಅವನಿಗೆ ಎಷ್ಟು ಅರ್ಥವಾಯಿತೋ. ಓದುಗರಿಗೂ ಅದೇ ಮಾತು: ಕಾರಣವಿದೆ, ಹೇಳುತ್ತೇನೆ.

ಇಂಥ ಹುಡುಕಾಟಕ್ಕೊಂದು ಶಾಸ್ತ್ರವಿದೆ. ಟಾರ್ಚನ್ನು ಮೇಲಿನಿಂದ ಬಿಡಬಾರದು. ನೆಲಕ್ಕೆ ಮಲಗಿಸಿ ಬಿಡಬೇಕು. ಆಗ ಸಾಸಿವೆಗೂ ಗೇಣುದ್ದದ ನೆರಳು ಬೀಳುತ್ತದೆ. ನಮ್ಮದು ರೆಡ್ ಆಕ್ಸೈಡ್ ನೆಲ, ಅರವತ್ತು ವರ್ಷ ತೇಯ್ದು ಕನ್ನಡಿಯಂತಾಗಿದೆ. ಅದರ ಮೇಲೆ ಟಾರ್ಚಿನ ಬೆಳಕು ಹರಿದಾಗ ನಮ್ಮ ಮನೆ ಎಷ್ಟು ಗಲೀಜು ಎಂಬುದು ನನಗೆ ಮೊದಲ ಬಾರಿಗೆ ತಿಳಿಯಿತು. ಒಂದು ಊದುಬತ್ತಿಯ ಕಡ್ಡಿ. ಎರಡು ಕಡಲೆಬೇಳೆ. 2011ರಲ್ಲೇ ಚಲಾವಣೆ ಕಳೆದುಕೊಂಡ ನಾಲ್ಕಾಣೆಯ ಬಿಲ್ಲೆ. ಒಂದು ಮಾತ್ರೆ, ಬಹುಶಃ ನನ್ನದೇ, ನುಂಗಿದ್ದೇನೆಂದು ಹೆಂಡತಿಗೆ ಆಣೆಯಿಟ್ಟು ಹೇಳಿದ್ದು. ಅದನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ.

ಬೀರುವಿನ ಹಿಂದೆ, ಗೋಡೆಯ ಮೂಲೆಯಲ್ಲಿ, ಏನೋ ಹೊಳೆಯಿತು. ಉಪ್ಪುಕಾಗದ ಸುತ್ತಿದ ಐಸ್‌ಕ್ರೀಮ್ ಕಡ್ಡಿಯಿಂದ ಅದನ್ನು ಈಚೆಗೆ ಎಳೆದುಕೊಂಡೆ. ಮಗಳ ಓಲೆಯ ತಿರುಪು, ಚಿನ್ನದ್ದು. ಮೂರು ವರ್ಷದ ಹಿಂದೆ ಕಳೆದಿತ್ತು. ಆಗ ಇಡೀ ಮನೆ ಜಾಲಾಡಿದೆವು ಎಂದು ಹೇಳಿಕೊಳ್ಳುತ್ತೇವೆ. ಈ ಬೀರು ಮಾತ್ರ ಯಾರೂ ಸರಿಸಿರಲಿಲ್ಲ. ಸರಿಸುವ ಬದಲು ಏನು ಮಾಡಿದೆವೆಂದರೆ, ಆಗ ಕೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ಎರಡು ದಿನ ಓರೆಗಣ್ಣಿನಲ್ಲಿ ನೋಡಿದೆವು. ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ, ನಾವು ಸಭ್ಯರು. ಆಕೆ ತಿಂಗಳ ಕೊನೆಗೆ ಲೆಕ್ಕ ಮುಗಿಸಿಕೊಂಡು, ಬೇರೆ ಕಡೆ ಸಂಬಳ ಜಾಸ್ತಿ ಎಂದು ಹೇಳಿ ಹೋದರು. ತಿರುಪನ್ನು ಅಂಗೈಯಲ್ಲಿಟ್ಟುಕೊಂಡು ಬಂದಾಗ ಹೆಂಡತಿ “ಸದ್ಯ, ಸಿಕ್ಕಿತಲ್ಲ” ಎಂದಳು. ಮಗಳು ಆ ಓಲೆಯ ಜೋಡಿಯನ್ನು ಯಾವತ್ತೋ ಕರಗಿಸಲು ಕೊಟ್ಟಾಗಿತ್ತು. ಆ ಹೆಂಗಸಿನ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮತ್ತೆ ಮೇಜಿನ ಕೆಳಗೆ ಹೋದೆ.

ಕಸ ಗುಡಿಸಿ ಮೊರಕ್ಕೆ ತುಂಬಿ ಜರಡಿ ಹಿಡಿದದ್ದಾಯಿತು. ರವೆ ಜರಡಿ ಅದು. ಆಮೇಲೆ ಎರಡು ದಿನ ಮನೆಯಲ್ಲಿ ಉಪ್ಪಿಟ್ಟಾಗಲಿಲ್ಲ. ಅಂಗಿಯ ಜೇಬು, ಮಡಿಸಿದ ತೋಳು, ಪಂಚೆಯ ನೆರಿಗೆ, ಕನ್ನಡಕದ ಡಬ್ಬಿ ಎಲ್ಲ ಆಯಿತು. ಅಮ್ಮನ ಟ್ರಂಕಿನ ಕಡೆ ಕತ್ತು ಚಾಚಿದೆ. “ಸ್ನಾನ ಮಾಡದೆ ಪಟ್ಟದ ಗೊಂಬೆ ಮುಟ್ಟಬೇಡ,” ಎಂದು ಗದರಿದರು. ಅಲ್ಲಿಗೆ ಆ ದಿಕ್ಕು ಮುಗಿಯಿತು.

ಹೆಸರುಕಾಳಿನಷ್ಟು ಪ್ಲಾಸ್ಟಿಕ್ಕಿಗೆ ಇಷ್ಟೇಕೆ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ನನ್ನ ಟ್ಯಾಂಕು 1:35ರ ಅಳತೆಯದು. ನಾಲ್ಕು ಮಿಲಿಮೀಟರಿನ ದೀಪವೆಂದರೆ ನಿಜದಲ್ಲಿ ಹದಿನಾಲ್ಕು ಸೆಂಟಿಮೀಟರು. ಮೂವತ್ತೈದೇ ಯಾಕೆ, ನಲವತ್ತಾಗಿದ್ದರೆ ಲೆಕ್ಕ ಸುಲಭವಿತ್ತಲ್ಲ ಎಂದು ಬಹಳ ವರ್ಷ ತಲೆ ಕೆಡಿಸಿಕೊಂಡಿದ್ದೆ. ಗಹನವಾದ ಕಾರಣ ಯಾವುದೂ ಇಲ್ಲ. ಜಪಾನಿನ ಶಿಜುಒಕಾ ಊರಿನ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿತು. ಒಳಗೆ ಎರಡು ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಹೆಚ್ಚುಕಡಿಮೆ 1:35 ಆಗಿತ್ತು. ಎರಡು ಬ್ಯಾಟರಿಗಳು ಹಾಕಿಕೊಟ್ಟ ಆ ಗೆರೆಯನ್ನು ಅನಂತರ ಉಳಿದ ಕಂಪನಿಗಳೂ ಹಿಡಿದವು. ಬ್ಯಾಟರಿ ಇನ್ನೊಂದಿಷ್ಟು ದಪ್ಪವಿದ್ದಿದ್ದರೆ ನನ್ನ ದೀಪವೂ ತೊಗರಿಕಾಳಿನಷ್ಟಾಗುತ್ತಿತ್ತು, ಕಣ್ಣಿಗೆ ಬೀಳುತ್ತಿತ್ತು.

ಭಾವಮೈದ ಕಾಫಿ ಕುಡಿದು, ಗಡಿಯಾರ ನೋಡಿಕೊಂಡು, ನಡುಮನೆಯಿಂದ ಹಿತ್ತಿಲಿಗೂ ಹಿತ್ತಿಲಿಂದ ನಡುಮನೆಗೂ ನಡೆಯತೊಡಗಿದ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅವನ ವ್ರತ. ಮಳೆ ಬಂದರೆ ಮನೆಯೊಳಗೇ ಪ್ರದಕ್ಷಿಣೆ. ಅವನನ್ನು ಯಾರೂ ಯಾತಕ್ಕೆ ಎಂದು ಕೇಳುವುದಿಲ್ಲ. ಎಲ್ಲಿಗೂ ಹೋಗದ ನಡಿಗೆಗೆ ಸಮಾಜದಲ್ಲಿರುವ ಮರ್ಯಾದೆ ಎಲ್ಲಿಗೂ ಹೋಗದ ಟ್ಯಾಂಕಿಗಿಲ್ಲ. ಅವನ ಪ್ರತಿ ಹೆಜ್ಜೆಗೂ ನನ್ನ ಎದೆ ಹಾರುತ್ತಿತ್ತು, ದೀಪ ಅವನ ಹಿಮ್ಮಡಿಗೆ ಸಿಕ್ಕರೆ ಎಂದು.

ಇನ್ನು ಯಾವ ಟ್ಯಾಂಕು ಎಂಬ ಮಾತು. ಡಬ್ಬಿಯ ಮೇಲೆ ಅಮೆರಿಕದ ಬಿಳಿ ನಕ್ಷತ್ರವಿದೆ. ಹೆಸರು ಸ್ಟುವರ್ಟ್, ಸುಮಾರು ಹದಿನೈದು ಟನ್ನಿನ ಹಗುರ ಟ್ಯಾಂಕು. ನಾನು ಮಾಡಲು ಹೊರಟದ್ದು ನಮ್ಮ ಸೇನೆಯ 7ನೇ ಲೈಟ್ ಕ್ಯಾವಲ್ರಿ ದಳದ ಸ್ಟುವರ್ಟನ್ನು, ಪಾಕಿಸ್ತಾನದೊಡನೆ ನಡೆದ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಲಡಾಖಿನ ದಾರಿಯ ಜೋಜಿಲಾ ಕಣಿವೆ ಹತ್ತಿದ್ದನ್ನು. ಹನ್ನೊಂದೂವರೆ ಸಾವಿರ ಅಡಿಯ ಆ ಎತ್ತರಕ್ಕೆ ಟ್ಯಾಂಕು ಬರುತ್ತದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಎಣಿಸಿದವರು ಕೊಡಗಿನ ತಿಮ್ಮಯ್ಯನವರು. ಅಲ್ಲಿನ ಡಿವಿಜನ್ನಿಗೆ ಆಗ ಅವರೇ ದಂಡನಾಯಕರು. ಕಣಿವೆಯ ಬುಡದ ಬಾಲ್ಟಾಲಿನಿಂದ ಮೇಲಕ್ಕೆ ಹೇಸರಗತ್ತೆಗಳ ಹಾದಿಯೊಂದಿತ್ತು. ಅದನ್ನು ಕಡಿದು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಸೇನೆಯ ಎಂಜಿನಿಯರುಗಳ ದಳ. ಹೆಸರಿಗೆ ಮದ್ರಾಸು, ಮನೆ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ದಂಡೆ. ಸಿಟಿ ಬಸ್ಸಿನಲ್ಲಿ ಆ ಗೇಟಿನ ಮುಂದೆ ಹಾದುಹೋಗುವಾಗ ನಾನು ಕಿಟಕಿಯ ಕಡೆ ತಿರುಗಿ ಕುಳಿತುಕೊಳ್ಳುತ್ತೇನೆ, ಪಕ್ಕದವರಿಗೆ ತಿಳಿಯದಂತೆ.

ಈ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಯುದ್ಧವಲ್ಲ, ಪ್ರಯಾಣ. ದಾರಿಯ ಸೇತುವೆಗಳಿಗೆ ಅಷ್ಟು ಭಾರ ತಡೆಯುವ ಶಕ್ತಿಯಿರಲಿಲ್ಲ. ಗುಟ್ಟೂ ಕಾಯಬೇಕಿತ್ತು. ಆದ್ದರಿಂದ ಟ್ಯಾಂಕುಗಳನ್ನು ಬಿಚ್ಚಿ, ತೋಪಿನ ಗೋಪುರವನ್ನು ಕಳಚಿ ಬೇರೆ ಸಾಗಿಸಿ, ಉಳಿದ ಒಡಲನ್ನು ಸೇತುವೆಗಳ ಮೇಲೆ ಹಗ್ಗ ಕಟ್ಟಿ ಎಳೆದು, ಶ್ರೀನಗರ ದಾಟಿಸಿ, ಆಮೇಲೆ ಮತ್ತೆ ಜೋಡಿಸಿದರು. ಅಂದರೆ ನಿಜವಾದ ಟ್ಯಾಂಕನ್ನೇ ಕಿಟ್ಟಿನಂತೆ ಬಿಡಿಬಿಡಿಯಾಗಿ ತಂದು, ಚಳಿಯಲ್ಲಿ ಕುಳಿತು ಒಂದೊಂದಾಗಿ ಕೂಡಿಸಿದವರು ಅವರು. ಆ ಚಳಿಯಲ್ಲಿ ಅವರ ಕೈಯಿಂದ ಒಂದು ಬೋಲ್ಟು ಹಾರಿ ಹಿಮದಲ್ಲಿ ಬಿದ್ದಿರಲಿಕ್ಕಿಲ್ಲವೇ? ಬಿದ್ದ ಬೋಲ್ಟಿಗೆ ಎರಡನೆಯ ಸದ್ದು ಹಿಮದಲ್ಲೂ ಕೇಳಿಸುವುದಿಲ್ಲ.

ನನ್ನ ಟ್ಯಾಂಕಿನ ಮೇಲೆ ಹಿಮ ಬೀಳಿಸುವ ವಿಷಯವನ್ನು ಅರ್ಧದಲ್ಲೇ ಕೈಬಿಟ್ಟೆ. ಅಡುಗೆಸೋಡ ಉದುರಿಸಿದರೆ ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ರಂಗೋಲಿ ಪುಡಿ ಉದುರಿಸಿ ನೋಡಿದೆ. ಅರ್ಧ ಮಿಲಿಮೀಟರಿನ ಹರಳು 1:35ರಲ್ಲಿ ಗೋಟಡಿಕೆಯ ಗಾತ್ರವಾಗುತ್ತದೆ. ತಿಮ್ಮಯ್ಯನವರ ಮೇಲೆ ಅಡಿಕೆಯ ಮಳೆ ಸುರಿದಂತಿತ್ತು. ಆಂಟೆನಾ ಮಾತ್ರ ನೆಟ್ಟಗೆ ಬಂತು. ಬಿಡಿಭಾಗಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ಮೆತ್ತಗಾದ ಕ್ಷಣದಲ್ಲಿ ಈಚೆಗೆ ತಂದು ಎಳೆಯಬೇಕು. ಬೇಗ ಎಳೆದರೆ ಕೂದಲು, ತಡವಾದರೆ ಕಡ್ಡಿ. ಈ ಹದವನ್ನು ಹೆಂಡತಿ ಒಲೆಯ ಹತ್ತಿರದಿಂದಲೇ ಹೇಳಿದಳು, “ಒಂದೆಳೆ ಪಾಕ ಬಂದಿದೆ, ಇಳಿಸಿ.” ಸರಿಯಾಗಿಯೇ ಹೇಳಿದ್ದಳು.

ಬಣ್ಣಕ್ಕೆ ಬಂದಾಗ ಮನೆಯಲ್ಲಿ ಜಗಳವಾಯಿತು. ಹಸಿರು ಬಳಿದು ಮುಗಿಸಿದರೆ ಅದು ಆಟಿಕೆ. ಅದರ ಮೇಲೆ ಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿ ಕಲಸಿ ಸಂದುಗಳಿಗೆ ಹರಿಸಬೇಕು, ಸ್ಪಂಜಿನ ಚೂರಿನಿಂದ ಒತ್ತಿ ಬಣ್ಣ ಎದ್ದ ಗುರುತು ಮಾಡಬೇಕು, ತುಕ್ಕು ಹಿಡಿಸಬೇಕು, ಧೂಳು ಹಾಕಬೇಕು. ಈ ಧೂಳನ್ನು ಪುಟ್ಟ ಶೀಸೆಗಳಲ್ಲಿ ತುಂಬಿ ನೂರಾರು ರೂಪಾಯಿಗೆ ಮಾರುವವರಿದ್ದಾರೆ, ಬೆಂಗಳೂರಿನಲ್ಲಿದ್ದುಕೊಂಡು ಅದನ್ನು ಕೊಳ್ಳುವವರೂ ಇದ್ದಾರೆ. ನಾನು ನಮ್ಮ ಕಿಟಕಿಯ ಸರಳಿನಿಂದ ಬೆರಳಲ್ಲಿ ತೆಗೆದುಕೊಂಡೆ.

ಊರಿನ ವೃತ್ತಗಳಲ್ಲಿ ನಿಲ್ಲಿಸಿರುವ ನಿಜವಾದ ಟ್ಯಾಂಕುಗಳಿಗೆ ವರ್ಷಕ್ಕೊಮ್ಮೆ ಪಳಪಳ ಹೊಳೆಯುವ ಇನಾಮಲ್ ಬಳಿಯುತ್ತಾರೆ. ಅವುಗಳನ್ನು ನೋಡಿದ ಜನ ನನ್ನದನ್ನು ನೋಡಿ ಸುಳ್ಳು ಎನ್ನುತ್ತಾರೆ. ಇನ್ನೊಂದು ಜಾತಿಯವರು ರಿವೆಟ್ಟು ಎಣಿಸುವವರು, ನಿಜವಾದ ಟ್ಯಾಂಕಿನಲ್ಲಿರುವಷ್ಟೇ ಮಾದರಿಯಲ್ಲೂ ಇವೆಯೇ ಎಂದು. ಅವರ ವಿಷಯ ಬರೆದರೆ ರಕ್ತದೊತ್ತಡ ಏರುತ್ತದೆ. ಆ ಮಾತ್ರೆ ಬೇರೆ ಜೇಬಿನಲ್ಲೇ ಉಳಿದಿದೆ.

ತುಕ್ಕು ಕಲಿಯಲು ನನಗೆ ಗುರುವಾದದ್ದು ನಮ್ಮ ಮನೆಯ ಗೇಟು. ತುಕ್ಕು ಎಲ್ಲೆಂದರಲ್ಲಿ ಹಿಡಿಯುವುದಿಲ್ಲ. ಕೀಲಿನ ಕೆಳಗೆ ಹಿಡಿಯುತ್ತದೆ, ಹಾಲಿನ ಚೀಲ ತೂಗುಹಾಕಿ ಹಾಕಿ ಬಣ್ಣ ಸವೆದ ಕೊಂಡಿಯಲ್ಲಿ ಹಿಡಿಯುತ್ತದೆ, ಅಲ್ಲಿಂದ ಮಳೆನೀರಿನ ಜಾಡು ಹಿಡಿದು ಕಣ್ಣೀರಿನಂತೆ ಇಳಿಯುತ್ತದೆ. ಎರಡು ವರ್ಷದಿಂದ ಅದಕ್ಕೆ ಬಣ್ಣ ಹೊಡೆಸಲು ನಾನು ಬಿಟ್ಟಿಲ್ಲ. ಮುಂಜಾನೆ ಮುಕ್ಕಾಲಿ ಹಾಕಿಕೊಂಡು ಗೇಟಿನ ಮುಂದೆ ಕುಳಿತು ನೋಡುತ್ತೇನೆ. ದಾರಿಹೋಕರು ಯಾರನ್ನೋ ಕಾಯುತ್ತಿದ್ದಾರೆಂದು ತಿಳಿಯುತ್ತಾರೆ.

“ಚೆನ್ನಾಗಿರುವುದಕ್ಕೆ ದುಡ್ಡು ಕೊಟ್ಟು ತುಕ್ಕು ಬಳಿಯುತ್ತೀಯ,” ಎಂದರು ಅಮ್ಮ, “ತುಕ್ಕು ಹಿಡಿದಿರುವುದಕ್ಕೆ ಒಂದು ಕೈ ಬಣ್ಣ ಬಳಿಯಲಾರೆಯಾ? ಹಬ್ಬಕ್ಕೆ ನಾಲ್ಕು ಜನ ಬರುವ ಮನೆ.” ಇದಕ್ಕೆ ಉತ್ತರವಿಲ್ಲ. ನಾನು ಹುಡುಕಿಯೂ ಇಲ್ಲ.

ದೀಪ ಸಿಗಲಿಲ್ಲ. “ಬಲಗಡೆಯದನ್ನೂ ಕಿತ್ತುಬಿಡಿ ಅಪ್ಪ, ಜೋಡಿ ಸರಿಹೋಗುತ್ತದೆ,” ಎಂದಳು ಮಗಳು. ಓಲೆಯ ವಿಷಯದಲ್ಲಿ ಅವಳು ಮಾಡಿದ್ದೂ ಅದನ್ನೇ ತಾನೆ. ನಾನು ಕೊನೆಗೆ ಈ ಕಸುಬಿನ ಹಳೆಯ ಮೋಸಕ್ಕೆ ಇಳಿದೆ. ತೆಳುವಾದ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಮುದುಡಿ, ಎಡಗಡೆಯ ಮಡ್‌ಗಾರ್ಡಿನ ಮೇಲೆ ಹೊದಿಸಿದರೆ ಒಣಗಿದ ಮೇಲೆ ಟಾರ್ಪಾಲಾಗುತ್ತದೆ. ಕೇಳಿದವರಿಗೆ, ಗುಟ್ಟು ಕಾಯುವುದಕ್ಕಾಗಿ ಹೊದಿಸಿದ್ದು ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ಪಾಡ್ಯದ ದಿನ ಗೊಂಬೆ ಕೂರಿಸಿದರು. ಟ್ಯಾಂಕಿಗೆ ಕೆಳಗಿನ ಮೆಟ್ಟಿಲು ಸಿಕ್ಕಿತು, ಚನ್ನಪಟ್ಟಣದ ಆನೆಗೂ ರಾಗಿ ಬೀಸುವ ಹೆಂಗಸಿಗೂ ನಡುವೆ. ಅಮ್ಮ ಅದರ ಹಣೆಗೆ ಒಂದು ಬೊಟ್ಟು ಕುಂಕುಮವನ್ನೂ ಇಟ್ಟಿದ್ದರು. ನಾಲ್ಕು ಪದರ ಮ್ಯಾಟ್ ವಾರ್ನಿಷು! ಹಲ್ಲು ಕಚ್ಚಿಕೊಂಡು ಕೈಮುಗಿದೆ. ಕೈಮುಗಿಯುವಾಗ ಕಣ್ಣು ಮೇಲಿನ ಮೆಟ್ಟಿಲಿಗೆ ಹೋಯಿತು. ಅಲ್ಲಿ ಹೊಟ್ಟೆ ಬಿಟ್ಟುಕೊಂಡು ಶೆಟ್ಟಿ ಕುಳಿತಿದ್ದ, ಪಕ್ಕದಲ್ಲಿ ಶೆಟ್ಟಮ್ಮ. ಮುಂದೆ ಅಕ್ಕಿ, ಬೇಳೆ, ಬೆಲ್ಲದ ಚೂರು, ಹಿತ್ತಾಳೆಯ ತಕ್ಕಡಿ, ಅಳತೆಗಳ ಸಾಲು. ಸೇರು, ಪಾವು. ಪಾವಿನ ಪಕ್ಕದಲ್ಲಿ ಹಸಿರಾಗಿ ಇನ್ನೊಂದು.

“ಚಟಾಕು ಸಿಕ್ಕಿತು ನೋಡು,” ಎಂದರು ಅಮ್ಮ, ಹಿಗ್ಗಿನಿಂದ. “ಎರಡು ವರ್ಷದಿಂದ ಇರಲಿಲ್ಲ. ಟ್ರಂಕಿನೊಳಗೇ ಪಂಚೆಯ ಮಡಿಕೆಯಲ್ಲಿತ್ತು. ಕಿಲುಬು ಹಿಡಿದುಬಿಟ್ಟಿದೆ. ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹಸಿರು ಹೋಗುವುದಿಲ್ಲವಲ್ಲ!”

ನಾನು ಕೈ ಮುಂದೆ ಮಾಡಿದೆ. ಗೊಂಬೆ ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಶೆಟ್ಟಿಯ ಅಂಗಡಿಗೆ ಯಾರೂ ಕೈ ಹಾಕಬಾರದಂತೆ. ಗೇಣುದ್ದವೂ ಇಲ್ಲದ ಶೆಟ್ಟಿಯ ಅಳತೆ ಎಷ್ಟಕ್ಕೊಂದಾದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹನ್ನೊಂದಕ್ಕೊಂದು. ಚಟಾಕು ಅವನಿಗೆ ಸರಿಯಾಗಿಯೇ ಇತ್ತು. ಅಮ್ಮ ಅದರಲ್ಲಿ ಗಸಗಸೆ ತುಂಬಿಟ್ಟಿದ್ದರು, ಮೇಲೆ ಗೋಪುರ ಬರುವಂತೆ.